ಎರಡೇ ಜಿಗಣೆ, ಸ್ತೋತ್ರ

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು.

ನಾಳೆ ನಮ್ಮ ಸಭೆಯ ಸುಗ್ಗಿ ಹಬ್ಬ. ಬಾಳೆಗೊನೆ, ಕುಂಬಳಕಾಯಿ, ಒಂದು ಚೀಲ ಕಾಫಿ, ಮೆಣಸಿನ ಗಂಟು ಈಗಲೇ ಆ ಮೂಲೆಗೆ ಬಂದು ಕೂತಿವೆ. ಯಾರೋ ತಂದು ಕಟ್ಟಿರುವ ಹುಂಜ ಆಗಿನಿಂದ ಕೂಗುತ್ತಾ ಇದೆ. ಅಯ್ಯನವರು ಹೋದ ವಾರ ಫೋನ್ ಮಾಡಿ, "ಅಣ್ಣ, ಹಬ್ಬದ ಹಿಂದಿನ ಸಂಜೆ ಬಂದು ಸಂತೋಷ, ಕೃತಜ್ಞತೆ ಇದರ ಬಗ್ಗೆ ಮಾತಾಡಿ. ದೊಡ್ಡ ಸಂತೋಷ ಅಲ್ಲ, ದಿನದಿನದ್ದು" ಅಂದರು. ನಾನು ಬೋಧಕ ಅಲ್ಲ. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ 31 ವರ್ಷ ರೈಟರ್ ಆಗಿದ್ದವನು. ಬೆಳಿಗ್ಗೆ ಹಾಜರಿ ಹಿಡಿಯೋದು, ಸಂಜೆ ಹಣ್ಣು ತೂಗೋದು, ಶನಿವಾರ ಬಟವಾಡೆ ಮಾಡೋದು ನನ್ನ ಕೆಲಸ. ಅದಕ್ಕೇ ಲೆಕ್ಕದವನ ಹಾಗೆ ಹೇಳುತ್ತೇನೆ. ಕಂಡಿದ್ದು ಇಷ್ಟು, ಬಂದಿದ್ದು ಇಷ್ಟು, ಹೋಗಿದ್ದು ಇಷ್ಟು ಅಂತ.

ನಮ್ಮವ್ವನಿಂದ ಶುರು ಮಾಡುತ್ತೇನೆ.

ಅವ್ವ ತೋಟದಲ್ಲಿ ಕೂಲಿ ಮಾಡುತ್ತಿದ್ದಳು. ನಾವಿದ್ದದ್ದು ಲೈನ್ ಮನೆಯಲ್ಲಿ, ಒಂದು ಕೋಣೆ, ಒಂದು ಒಲೆ. ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ. ಅಪ್ಪನ ಪ್ರಾರ್ಥನೆ ಉದ್ದ. ಭೂಮಿ ಆಕಾಶ ಉಂಟಾದಲ್ಲಿಂದ ಶುರುವಾಗಿ ಎಲ್ಲಾ ದೇಶದ ಅರಸರನ್ನೂ ಮುಟ್ಟಿಕೊಂಡು ಬರುವಷ್ಟರಲ್ಲಿ ಸಾರು ಆರಿರುತ್ತಿತ್ತು. ಅವ್ವನದು ಬೇರೆ. ಅವಳಿಗೆ ಓದು ಬರುತ್ತಿರಲಿಲ್ಲ. ಅವತ್ತಿನ ದಿನವನ್ನೇ ಸೆರಗಿನಿಂದ ಒಂದೊಂದಾಗಿ ತೆಗೆದು ದೇವರ ಮುಂದೆ ಇಟ್ಟು, ಸ್ತೋತ್ರ ಅಂತ ಅವನಿಗೆ ಕೃತಜ್ಞತೆ ಹೇಳುತ್ತಿದ್ದಳು.

"ಕರ್ತನೇ, ಇವತ್ತು ಎರಡೇ ಜಿಗಣೆ ಕಚ್ಚಿದ್ದು, ಸ್ತೋತ್ರ. ಮಧ್ಯಾಹ್ನ ಅರ್ಧ ಗಂಟೆ ಮಳೆ ನಿಂತಿತು, ಕೂತು ಉಂಡೆವು, ಸ್ತೋತ್ರ. ಸಣ್ಣವನ ಜ್ವರ ಇಳಿದಿದೆ, ಸ್ತೋತ್ರ. ಪಕ್ಕದ ಮನೆಯವಳು ಎಂಟು ದಿನ ಆದ ಮೇಲೆ ಮಾತಾಡಿಸಿದಳು, ಸ್ತೋತ್ರ."

ನನಗೆ ಆಗ ಏಳೋ ಎಂಟೋ ವಯಸ್ಸು. ಒಂದು ರಾತ್ರಿ ಕೇಳಿಬಿಟ್ಟೆ. "ಅವ್ವಾ, ಜಿಗಣೆ ಕಚ್ಚಿದ್ದಕ್ಕೆ ಯಾಕೆ ಸ್ತೋತ್ರ?"

ಅವ್ವ ಅಂದಳು, "ಕಚ್ಚಿದ್ದಕ್ಕಲ್ಲ ಕಣೋ. ಎರಡೇ ಅಲ್ವಾ. ನಿನ್ನೆ ಒಂಬತ್ತು."

ಆ ಮಾತು ಅವತ್ತು ತಲೆಗೆ ಹೋಗಲಿಲ್ಲ. ಹೋಗೋಕೆ ನಲವತ್ತು ವರ್ಷ ಬೇಕಾಯಿತು.

ಪೌಲನು ಥೆಸಲೊನೀಕದವರಿಗೆ ಬರೆದ ಮೊದಲನೇ ಪತ್ರದ ಐದನೇ ಅಧ್ಯಾಯ ನಮಗೆಲ್ಲ ಬಾಯಿಪಾಠ. ಯಾವಾಗಲೂ ಸಂತೋಷಿಸಿರಿ, ಎಡೆಬಿಡದೆ ಪ್ರಾರ್ಥನೆ ಮಾಡಿರಿ, ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ. ನಮ್ಮ ಎಷ್ಟೋ ಮನೆಗಳ ಕ್ಯಾಲೆಂಡರಿನಲ್ಲಿ ಈ ಮಾತಿದೆ. ಆದರೆ ನಾವು ಇದನ್ನು ಓದುವಾಗ ಒಂದು ಅಕ್ಷರ ತಪ್ಪಿ ಓದುತ್ತೇವೆ ಅಂತ ನನಗೆ ಅನಿಸುತ್ತದೆ. ಅಲ್ಲಿ ಇರೋದು "ಎಲ್ಲಾದರಲ್ಲಿ". ಮೂಲ ಗ್ರೀಕ್ ಮಾತಿನಲ್ಲೂ ಹಾಗೇ ಇದೆ. ನಾವು ಅದನ್ನು "ಎಲ್ಲಾದಕ್ಕೂ" ಅಂತ ಮಾಡಿಕೊಂಡಿದ್ದೇವೆ. ಜಿಗಣೆ ಕಚ್ಚಿದ್ದಕ್ಕೆ ಸ್ತೋತ್ರ ಅಂತ. ಹಾಗಲ್ಲ. ಜಿಗಣೆ ಇರುವ ತೋಟದಲ್ಲಿ ನಿಂತುಕೊಂಡು ಸ್ತೋತ್ರ. ಇವೆರಡರ ನಡುವೆ ತುಂಬಾ ದೂರ ಇದೆ.

ಸತ್ಯವೇದ ಚೆನ್ನಾಗಿ ಓದಿದವರು ಈಗ ಕೇಳಬಹುದು, ಎಫೆಸದವರಿಗೆ ಬರೆದ ಪತ್ರದ ಐದನೇ ಅಧ್ಯಾಯದಲ್ಲಿ "ಎಲ್ಲಾ ಕಾರ್ಯಗಳಿಗೋಸ್ಕರ" ಅಂತಲೂ ಇದೆಯಲ್ಲ ಅಂತ. ಇದೆ, ನಾನು ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದೇ ಪೌಲ ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಕೆಟ್ಟದ್ದನ್ನು ಹೇಸಿರಿ, ಅಳುವವರ ಸಂಗಡ ಅಳಿರಿ ಅನ್ನುತ್ತಾನೆ. ಕೆಟ್ಟದ್ದಕ್ಕೂ ಥ್ಯಾಂಕ್ಸ್ ಹೇಳಬೇಕು ಅನ್ನೋದು ಅವನ ಮನಸ್ಸಿನಲ್ಲಿ ಇದ್ದಿದ್ದರೆ ಅಳುವವರ ಸಂಗಡ ಅಳಿ ಅಂತ ಯಾಕೆ ಹೇಳುತ್ತಿದ್ದ?

ಕೃತಜ್ಞ ಅನ್ನೋ ಪದವನ್ನೇ ಸ್ವಲ್ಪ ಬಿಡಿಸಿ ನೋಡಿ. ಕೃತ ಅಂದರೆ ಮಾಡಿದ್ದು. ಜ್ಞ ಅಂದರೆ ಬಲ್ಲವನು. ನನಗೆ ಏನು ಮಾಡಲಾಗಿದೆ ಅಂತ ಗೊತ್ತಿರುವವನು ಕೃತಜ್ಞ. ಅಷ್ಟೇ. ಮೊದಲು ಗೊತ್ತಾಗಬೇಕು. ಅವ್ವನಿಗೆ ನಿನ್ನೆ ಒಂಬತ್ತು, ಇವತ್ತು ಎರಡು ಅಂತ ಗೊತ್ತಿತ್ತು. ಲೆಕ್ಕ ಇಟ್ಟಿದ್ದಳು. ನಾವು ಬರೀ ಸಾಲದ ಲೆಕ್ಕ ಇಡುತ್ತೇವೆ, ಜಮೆ ಬರೆಯುವುದೇ ಇಲ್ಲ. ಹೀಗೆ ಪುಸ್ತಕ ಬರೆದರೆ ಯಾವ ತೋಟವೂ ಲಾಭದಲ್ಲಿ ಕಾಣುವುದಿಲ್ಲ, 31 ವರ್ಷ ಪುಸ್ತಕ ಬರೆದವನ ಮಾತು ಇದು.

ಇನ್ನೊಂದು ವಿಷಯ ಗಮನಿಸಿದ್ದೀರಾ? ನಮ್ಮ ಊರ ಮಾತಿನಲ್ಲಿ ಥ್ಯಾಂಕ್ಸ್ ಅನ್ನೋದಕ್ಕೆ ಒಂದು ಸರಿಯಾದ ದಿನಬಳಕೆಯ ಪದ ಇಲ್ಲ. ಧನ್ಯವಾದ ಅನ್ನೋದು ವೇದಿಕೆಯ ಮಾತು, ಮನೆಯೊಳಗೆ ಬರುವುದಿಲ್ಲ. ಹೆಂಡತಿ ನೀರು ಕೊಟ್ಟರೆ ಯಾರು ಧನ್ಯವಾದ ಅನ್ನುತ್ತಾರೆ? ಹಾಗಂತ ನಮ್ಮ ಜನರಲ್ಲಿ ಆ ಗುಣ ಇರಲಿಲ್ಲ ಅಂತಲ್ಲ. ದಾರಿಯಲ್ಲಿ ಬಾಯಾರಿದವರಿಗೆ ಮಜ್ಜಿಗೆ ಕೊಟ್ಟರೆ "ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ" ಅನ್ನುತ್ತಿದ್ದರು. ಎಷ್ಟು ಚೆಂದದ ಮಾತು ನೋಡಿ. ತನಗೆ ಸಿಕ್ಕಿದ ತಂಪನ್ನೇ ಕೊಟ್ಟವಳಿಗೂ ಹರಸೋದು. ಉಪಕಾರ ಮರೆಯುವವನಿಗೆ ಉಂಡ ಮನೆ ಜಂತೆ ಎಣಿಸುವವನು ಅಂತ ಬೈಯುತ್ತಿದ್ದರು. ಅವನೂ ಎಣಿಸುತ್ತಾನೆ, ಆದರೆ ಅವನ ಕಣ್ಣು ತಟ್ಟೆಯ ಮೇಲೆ ಇಲ್ಲ, ಮಾಡಿನ ಮೇಲೆ ಇದೆ. ಎಣಿಸುವ ಬುದ್ಧಿ ನಮಗೆಲ್ಲ ಇದ್ದೇ ಇದೆ. ಏನನ್ನು ಎಣಿಸುತ್ತೇವೆ ಅನ್ನೋದೇ ಪ್ರಶ್ನೆ.

ಈಗ ಸ್ವಲ್ಪ ಕಷ್ಟದ ಮಾತಿಗೆ ಬರುತ್ತೇನೆ.

2017ರಲ್ಲಿ ನನ್ನ ಹೆಂಡತಿ ತೀರಿಕೊಂಡಳು. ಏಳು ತಿಂಗಳು ಕಾಯಿಲೆ. ಹಾಸನಕ್ಕೆ ಹೋಗೋದು, ಬರೋದು, ಬೇಲೂರಿನಲ್ಲಿ ಬಸ್ ಬದಲಾಯಿಸೋದು, ಅವಳು ಕಿಟಕಿಗೆ ತಲೆ ಆನಿಸಿ ಕೂತಿರೋದು, ನಾನು ಫೈಲ್ ಹಿಡಿದುಕೊಂಡು ಪಕ್ಕದಲ್ಲಿ. ಅವಳನ್ನು ಮಣ್ಣು ಮಾಡಿ ಬಂದ ದಿನ ಸಂಜೆ ನಮ್ಮ ಕಡೆಯವರೇ ಒಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ಅಳಬಾರದು, ದೇವರ ಚಿತ್ತ, ಸ್ತೋತ್ರ ಹೇಳಿ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಅವತ್ತಿನಿಂದ ಸುಮಾರು ಒಂದು ವರ್ಷ ನನ್ನ ಬಾಯಲ್ಲಿ ಆ ಪದ ಬರಲಿಲ್ಲ. ಆರಾಧನೆಗೆ ಬರುತ್ತಿದ್ದೆ. ಹಾಡುವಾಗ ನಿಲ್ಲುತ್ತಿದ್ದೆ. ಎಲ್ಲರೂ ಸ್ತೋತ್ರ ಅಂದಾಗ ಸುಮ್ನೆ ನೆಲ ನೋಡುತ್ತಿದ್ದೆ.

ಆ ವರ್ಷ ನನ್ನನ್ನು ಹಿಡಿದುಕೊಂಡದ್ದು ಯೋಹಾನನ ಸುವಾರ್ತೆಯ 11ನೇ ಅಧ್ಯಾಯ. ಲಾಜರನ ಮನೆ. ಯೇಸು ಬರುವಾಗಲೇ ಲಾಜರನನ್ನು ಸಮಾಧಿ ಮಾಡಿ ನಾಲ್ಕು ದಿನ ಆಗಿದೆ. ಮರಿಯ ಬಂದು ಪಾದಕ್ಕೆ ಬಿದ್ದು, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅನ್ನುತ್ತಾಳೆ. ಯೇಸು ಅವಳಿಗೆ ಅಳಬೇಡ, ಸ್ತೋತ್ರ ಹೇಳು ಅನ್ನುವುದಿಲ್ಲ. 35ನೇ ವಚನದಲ್ಲಿ ತಾನೇ ಕಣ್ಣೀರು ಬಿಡುತ್ತಾನೆ. ಆಮೇಲೆ 41ನೇ ವಚನದಲ್ಲಿ, ಆ ಸಮಾಧಿಯ ಬಾಗಿಲಲ್ಲೇ ನಿಂತು, ತಂದೆಗೆ ಸ್ತೋತ್ರ ಹೇಳುತ್ತಾನೆ. ನಡುವೆ ಐದೇ ವಚನ. ಕಣ್ಣೀರು ಒರೆಸಿಕೊಂಡ ಅಂತ ಎಲ್ಲೂ ಬರೆದಿಲ್ಲ. ನನಗನಿಸುತ್ತದೆ, ಒದ್ದೆ ಮುಖದಲ್ಲೇ ಆ ಸ್ತೋತ್ರ ಹೇಳಿದ್ದಾನೆ ಅಂತ. ಅಳು ನಿಂತ ಮೇಲೆ ಶುರುವಾಗುವುದು ಕೃತಜ್ಞತೆ ಅಂತ ನಾನು ತಿಳಿದಿದ್ದೆ. ಎರಡೂ ಒಂದೇ ಮುಖದಲ್ಲಿ ಇರಬಹುದು ಅಂತ ಅವತ್ತು ಕಂಡಿತು.

ಕರ್ತನ ಭೋಜನದ ದಿನ ಅಯ್ಯನವರು ಓದುವ ಮಾತನ್ನು ನಾವು ಎಷ್ಟು ಸಲ ಕೇಳಿದ್ದೇವೆ. ತನ್ನನ್ನು ಹಿಡಿದುಕೊಡುವ ರಾತ್ರಿಯಲ್ಲೇ ಯೇಸು ರೊಟ್ಟಿ ತೆಗೆದುಕೊಂಡು ಸ್ತೋತ್ರ ಮಾಡಿ ಮುರಿದ. ಆ ರಾತ್ರಿಯಲ್ಲಿ! ಹಿಡಿದುಕೊಡುವವನು ಅದೇ ಪಂಕ್ತಿಯಲ್ಲಿ ಕೂತಿದ್ದಾನೆ. ಯೇಸು ಸ್ತೋತ್ರ ಮಾಡಿದ್ದು ಯೂದನ ಮೋಸಕ್ಕಲ್ಲ. ಕೈಯಲ್ಲಿದ್ದ ರೊಟ್ಟಿಗೆ. ಲೋಕದ ತುಂಬ ಕ್ರೈಸ್ತರು ಆ ಪಂಕ್ತಿಯನ್ನು ಕರೆಯುವ ಹಳೆಯ ಹೆಸರು ಯೂಕರಿಸ್ಟ್, ಅಂದರೆ ಗ್ರೀಕಿನಲ್ಲಿ ಕೃತಜ್ಞತಾಸ್ತುತಿ. ಸಂತೋಷ, ಕೃಪೆ, ಕೃತಜ್ಞತೆ ಈ ಮೂರು ಗ್ರೀಕ್ ಪದಗಳು ಒಂದೇ ಬೇರಿನಿಂದ ಬಂದವು. ಖಾರಾ, ಖಾರಿಸ್, ಯೂಖಾರಿಸ್ತಿಯ. ಒಂದೇ ಕಾಫಿ ಗಿಡದಲ್ಲಿ ಹೂವು, ಕಾಯಿ, ಹಣ್ಣು ಇದ್ದ ಹಾಗೆ.

ಅದಕ್ಕೇ ನಾನು ಒಂದು ಮಾತು ಕೈಮುಗಿದು ಕೇಳುತ್ತೇನೆ. ಸಾವಿನ ಮನೆಗೆ ಹೋದಾಗ ಯಾರಿಗೂ ಸ್ತೋತ್ರ ಹೇಳಿ ಅಂತ ಹೇಳಬೇಡಿ. ನೀವು ಬೇಕಾದರೆ ಹೇಳಿಕೊಳ್ಳಿ, ಮನಸ್ಸಿನಲ್ಲಿ. ಅವರ ಪಕ್ಕ ಸುಮ್ಮನೆ ಕೂರಿ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಅಳುವ, ದೂರುವ ಕೀರ್ತನೆಗಳು. 88ನೇ ಕೀರ್ತನೆಯಂತೂ ಕತ್ತಲಲ್ಲೇ ಮುಗಿಯುತ್ತದೆ. ಕೊನೆಗೆ ಒಂದು ಸ್ತೋತ್ರವೂ ಇಲ್ಲ. ಅದನ್ನೂ ದೇವಜನರು ಹಾಡಿದರು, ಉಳಿಸಿಕೊಂಡರು, ಪುಸ್ತಕದಿಂದ ಕಿತ್ತು ಹಾಕಲಿಲ್ಲ.

ನನಗೆ ಮತ್ತೆ ಆ ಪದ ಹೇಗೆ ಬಂತು ಅಂತ ಹೇಳಬೇಕು. ಏನೂ ದರ್ಶನ ಆಗಲಿಲ್ಲ. ಕೆಳಗಿನ ಮನೆಯ ಅಕ್ಕ ಒಬ್ಬರು, ನಮ್ಮ ಸಭೆಯವರಲ್ಲ, ದಿನಾ ಬೆಳಿಗ್ಗೆ ಒಂದು ಡಬ್ಬಿಯಲ್ಲಿ ಕಡುಬೋ ಅಕ್ಕಿ ರೊಟ್ಟಿಯೋ ತಂದು ಜಗಲಿಯ ಮೇಲೆ ಇಟ್ಟು ಹೋಗುತ್ತಿದ್ದರು. ಬಾಗಿಲು ತಟ್ಟುತ್ತಿರಲಿಲ್ಲ. ನಾನು ಮಾತಾಡಲಾರೆ ಅಂತ ಅವರಿಗೆ ಗೊತ್ತಿತ್ತು. ಎಷ್ಟೋ ತಿಂಗಳು ಆದ ಮೇಲೆ ಒಂದು ದಿನ ಡಬ್ಬಿ ತೆಗೆದಾಗ ಹಬೆ ಮುಖಕ್ಕೆ ಬಡಿಯಿತು. ರೊಟ್ಟಿಯ ಮೇಲೆ ಕೆಸುವಿನ ಪಲ್ಯ. "ಬಿಸಿ ಇದೆ, ಸ್ತೋತ್ರ" ಅಂತ ಬಾಯಿಂದ ಬಂದುಬಿಟ್ಟಿತು. ಥೇಟ್ ನಮ್ಮವ್ವನ ದನಿ.

ಅವತ್ತು ರಾತ್ರಿ ತೋಟದ ಹಳೆಯ ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ, ಒಂದು ಖಾಲಿ ಉಳಿದಿದ್ದನ್ನು ತೆಗೆದುಕೊಂಡೆ. ದಿನಾಂಕ ಹಾಕಿ, "ರೊಟ್ಟಿ ಬಿಸಿ ಇತ್ತು" ಅಂತ ಬರೆದೆ. ಅವತ್ತಿನಿಂದ ಬರೆಯುತ್ತಿದ್ದೇನೆ. ದಿನಕ್ಕೆ ಮೂರು. ನನ್ನ ನಿಯಮ ಒಂದೇ, ದೊಡ್ಡ ಪದ ಬರೆಯಬಾರದು. ಆರೋಗ್ಯ, ಕುಟುಂಬ, ರಕ್ಷಣೆ ಅಂತ ದಿನಾ ಬರೆದರೆ ನಾಲ್ಕನೇ ದಿನಕ್ಕೆ ಕೈ ತಾನಾಗಿ ಬರೆಯುತ್ತದೆ, ಮನಸ್ಸು ಬೇರೆ ಕಡೆ ಇರುತ್ತದೆ. ಜಿಗಣೆಯ ಲೆಕ್ಕದ ಹಾಗೆ ಇರಬೇಕು. ಅವತ್ತಿನದೇ ಆಗಿರಬೇಕು. ಮೊನ್ನೆ ಬರೆದದ್ದು ಹೇಳುತ್ತೇನೆ. ಕಣದಲ್ಲಿ ಹರಡಿದ್ದ ಕಾಫಿ ಮೋಡ ಕವಿಯುವ ಮುಂಚೆ ರಾಶಿಯಾಯಿತು. ಮಗಳು ಫೋನಿನಲ್ಲಿ ನಕ್ಕಳು. ಎಡಗಾಲಿನ ನೋವು ಮೆಟ್ಟಿಲಲ್ಲಿ ಮಾತ್ರ, ನಡೆಯುವಾಗ ಇಲ್ಲ.

ಪ್ರತಿದಿನ ಯಾಕೆ, ವಾರಕ್ಕೊಮ್ಮೆ ಆರಾಧನೆಯಲ್ಲಿ ಹೇಳಿದರೆ ಸಾಲದಾ ಅಂತ ಯುವಕರು ಕೇಳುತ್ತಾರೆ. ವಿಮೋಚನಕಾಂಡದ 16ನೇ ಅಧ್ಯಾಯದಲ್ಲಿ ಮನ್ನದ ಕಥೆ ಇದೆ. ಇಸ್ರಾಯೇಲ್ಯರು ಮರುಭೂಮಿಯಲ್ಲಿ ಅವತ್ತಿನದನ್ನು ಅವತ್ತೇ ಕೂಡಿಸಿಕೊಳ್ಳಬೇಕಿತ್ತು. ನಾಳೆಗೆ ಇರಲಿ ಅಂತ ಇಟ್ಟುಕೊಂಡವರ ಪಾತ್ರೆಯಲ್ಲಿ ಹುಳ ಬಿತ್ತು. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ದಿನದ್ದು. ಸಂತೋಷದ ಗುಣವೂ ಹಾಗೇ ಇದೆ. ಹೋದ ವರ್ಷದ ಮದುವೆಯ ಸಂತೋಷ ಈ ವರ್ಷದ ಮಂಗಳವಾರಕ್ಕೆ ಆಗುವುದಿಲ್ಲ. ಕರ್ತನ ಪ್ರಾರ್ಥನೆಯಲ್ಲೂ ನಾವು ಕೇಳೋದು ಅನುದಿನದ ಆಹಾರ, ಅದೂ ಈ ಹೊತ್ತಿಗೆ. ಪೌಲನೂ ಫಿಲಿಪ್ಪಿಯವರಿಗೆ ಬರೆಯುವಾಗ ಇದ್ದುದರಲ್ಲಿ ತೃಪ್ತನಾಗಿರುವುದನ್ನು ಕಲಿತುಕೊಂಡಿದ್ದೇನೆ ಅನ್ನುತ್ತಾನೆ. ಕಲಿತುಕೊಂಡಿದ್ದು! ಹುಟ್ಟುವಾಗ ತಂದಿದ್ದಲ್ಲ. ಆ ಪತ್ರದಲ್ಲಿ ನಾಲ್ಕೇ ಅಧ್ಯಾಯ, ಅದರಲ್ಲಿ ಸಂತೋಷದ ಮಾತು ಹತ್ತಕ್ಕಿಂತ ಜಾಸ್ತಿ ಸಲ ಬರುತ್ತದೆ, ಬರೆದವನು ಮಾತ್ರ ಬೇಡಿಯಲ್ಲಿದ್ದ. ಆ ಊರಿನಲ್ಲೇ ಮೊದಲು ಅವನನ್ನೂ ಸೀಲನನ್ನೂ ಹೊಡೆದು, ಕಾಲಿಗೆ ಕೋಳ ಹಾಕಿ, ಸೆರೆಮನೆಯ ಒಳಕೋಣೆಗೆ ತಳ್ಳಿದ್ದರು. ನಡುರಾತ್ರಿ ಇಬ್ಬರೂ ಹಾಡುತ್ತಿದ್ದರು, ಉಳಿದ ಕೈದಿಗಳು ಕಿವಿಗೊಟ್ಟು ಕೇಳುತ್ತಿದ್ದರು ಅಂತ ಅಪೊಸ್ತಲರ ಕೃತ್ಯಗಳಲ್ಲಿದೆ. ನನಗೆ ಆ ಕೈದಿಗಳ ಮೇಲೆ ಪ್ರೀತಿ. ಬೆನ್ನು ಸುಲಿದವನ ಬಾಯಲ್ಲಿ ಹಾಡು ಕೇಳಿದಾಗ ಅವರಿಗೆ ಏನನಿಸಿರಬೇಕು!

ಈಗ ಫೆಬ್ರವರಿ. ಕೊಯ್ಲು ಮುಗಿಯುತ್ತಾ ಬಂತು, ಎಲ್ಲರ ಕಣ್ಣೂ ಆಕಾಶದ ಮೇಲೆ. ಹೂಮಳೆ ಹದವಾಗಿ ಒಂದು ಇಂಚಿನಷ್ಟು ಬಿದ್ದರೆ ಎಂಟು ಹತ್ತು ದಿನಕ್ಕೆ ಇಡೀ ಬೆಟ್ಟ ಬೆಳ್ಳಗಾಗಿ ಮಲ್ಲಿಗೆ ಥರ ಘಮ್ಮೆನ್ನುತ್ತದೆ. ಬೀಳದಿದ್ದರೆ ಮೊಗ್ಗು ಗಿಡದಲ್ಲೇ ಕಂದುತ್ತದೆ. ಆ ವರ್ಷದ ಬೆಳೆ ಅಲ್ಲಿಗೆ ಮುಗಿಯಿತು. ಹಬಕ್ಕೂಕ ಅನ್ನೋ ಪ್ರವಾದಿ ಹೇಳಿದ್ದು ಇದನ್ನೇ, ಅವನ ದೇಶದ ಬೆಳೆಗಳ ಹೆಸರಿನಲ್ಲಿ. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಹಣ್ಣು ಬಿಡದಿದ್ದರೂ, ಎಣ್ಣೆಮರ ಕೈಕೊಟ್ಟರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ನಾನು ದೇವರಲ್ಲಿ ಹಿಗ್ಗುತ್ತೇನೆ ಅಂತ. ಅವನು ಚಿಕ್ಕಮಗಳೂರಿನವನಾಗಿದ್ದರೆ ಹೂಮಳೆ ಬಾರದಿದ್ದರೂ, ಕಾಂಡಕೊರಕ ಗಿಡ ತಿಂದರೂ, ಮೆಣಸಿನ ಬಳ್ಳಿ ಸೊರಗಿದರೂ, ಅಡಿಕೆಗೆ ಕೊಳೆ ಬಂದರೂ ಅಂತ ಬರೆಯುತ್ತಿದ್ದ.

ಈ ಮಾತನ್ನು ಹಬ್ಬದ ದಿನ ಓದೋದು ಸುಲಭ. ಆದರೆ ಎರಡು ಸಂಗತಿ ನೋಡಿ. ಹಬಕ್ಕೂಕನ ಪುಸ್ತಕದಲ್ಲಿ ಮೂರೇ ಅಧ್ಯಾಯ. ಈ ಹಾಡು ಬರೋದು ಮೂರನೆಯದರ ಕೊನೆಯಲ್ಲಿ. ಮೊದಲನೆಯದು ಶುರುವಾಗೋದೇ ಜಗಳದಿಂದ. ಎಷ್ಟು ದಿನ ಕೂಗಲಿ, ನೀನು ಕೇಳುವುದೇ ಇಲ್ಲವಲ್ಲ ಅಂತ ದೇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ಆ ಜಗಳ ಆಡಿದವನಿಗೇ ಈ ಹಾಡು ಬಂದದ್ದು. ಇನ್ನೊಂದು, ಅವನು "ನಾನು ಹಿಗ್ಗುತ್ತೇನೆ" ಅಂದ. ನೀನು ಹಿಗ್ಗು ಅನ್ನಲಿಲ್ಲ. 2019ರ ಆಗಸ್ಟಿನಲ್ಲಿ ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಜಾರಿ ತೋಟ, ಮನೆ, ದಾರಿ ಎಲ್ಲಾ ಹೋದಾಗ ಪರಿಹಾರ ಕೇಂದ್ರದಲ್ಲಿ ಕೂತಿದ್ದವರ ಮುಂದೆ ಈ ವಚನ ಹಿಡಿದು ಹೋಗಬೇಕಿತ್ತಾ? ಅವತ್ತು ಬೇಕಾಗಿದ್ದು ಕಂಬಳಿ, ಅಕ್ಕಿ, ಒಣಗಿದ ಬಟ್ಟೆ. ಇದು ನನ್ನ ತೋಟ ಜಾರಿದಾಗ ನಾನು ಹೇಳಬೇಕಾದ ವಚನ. ಇನ್ನೊಬ್ಬರ ತೋಟ ಜಾರಿದಾಗ ಗುದ್ದಲಿ ತೆಗೆದುಕೊಂಡು ಹೋಗಬೇಕು.

ತೋಟದಲ್ಲಿ ಇದ್ದವನಾಗಿ ಇನ್ನೂ ಒಂದು ಮಾತು ಹೇಳದೆ ಹೋದರೆ ನನ್ನ ಮನಸ್ಸು ಒಪ್ಪುವುದಿಲ್ಲ. "ಇರೋದರಲ್ಲಿ ತೃಪ್ತಿ ಪಡಬೇಕಪ್ಪ" ಅನ್ನೋ ಮಾತನ್ನು ನಾನು ಬಟವಾಡೆಯ ದಿನ ಎಷ್ಟೋ ಕಡೆ ಕೇಳಿದ್ದೇನೆ. ಕೂಲಿ ಹಿಡಿದುಕೊಂಡವರು ಕೂಲಿ ಕೇಳಿದವರಿಗೆ ಹೇಳುತ್ತಿದ್ದ ಮಾತು ಅದು. ಹಾಗೆ ಹೇಳಿದಾಗ ಆ ಒಳ್ಳೆಯ ಮಾತು ವಿಷ ಆಗುತ್ತದೆ. ಯಾಕೋಬನ ಪತ್ರದ ಐದನೇ ಅಧ್ಯಾಯ ಓದಿ. ಹೊಲ ಕೊಯ್ದವರಿಗೆ ಕೊಡದೆ ಹಿಡಿದುಕೊಂಡ ಕೂಲಿ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಬೀಳುತ್ತದೆ ಅಂತ ಇದೆ. ಕೃತಜ್ಞತೆಯನ್ನು ನಾವು ನಮಗೆ ಹೇಳಿಕೊಳ್ಳಬೇಕು. ನಮ್ಮ ಕೈಕೆಳಗಿನವರಿಗೆ ಹೇಳಬೇಕಾದದ್ದು ಅದಲ್ಲ, ಅವರಿಗೆ ಕೊಡಬೇಕಾದದ್ದನ್ನು ಕೊಡಬೇಕು.

ಹಾಸನದ ಹತ್ತಿರ ಶೆಟ್ಟಿಹಳ್ಳಿಯ ಇಗರ್ಜಿ ನೀವು ನೋಡಿರುತ್ತೀರಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಆದ ಮೇಲೆ ಮಳೆಗಾಲದಲ್ಲಿ ಅರ್ಧ ನೀರಿನೊಳಗೆ, ಬೇಸಿಗೆಯಲ್ಲಿ ಮತ್ತೆ ನೆಲದ ಮೇಲೆ. ಹೆಂಡತಿ ತೀರಿಕೊಂಡ ಮೇಲೆ ಒಂದು ಏಪ್ರಿಲಿನಲ್ಲಿ ಮಗಳು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಮಾಡಿಲ್ಲದ ಗೋಡೆಗಳ ನಡುವೆ ನಿಂತಾಗ ನನಗೆ ಬಂದ ಯೋಚನೆ ಇದು. ಆ ನೀರು ಹಾಸನ, ಮಂಡ್ಯ, ತುಮಕೂರಿನ ಗದ್ದೆಗಳಿಗೆ ಹೋಗುತ್ತದೆ. ಅಲ್ಲೊಬ್ಬ ರೈತ ನಾಲೆಗೆ ನೀರು ಬಂದ ದಿನ ಖುಷಿಯಿಂದ ಕೈಮುಗಿಯುತ್ತಾನೆ. ಅವನ ಖುಷಿ ನಿಜ. ಆದರೆ ಅದಕ್ಕೋಸ್ಕರ ಇಲ್ಲಿ ಯಾರೋ ಮದುವೆಯಾದ ಜಾಗ, ಅಪ್ಪನನ್ನು ಹೂತ ಮಣ್ಣು, ಉತ್ತ ಹೊಲ ಬಿಟ್ಟು ಎದ್ದು ಹೋಗಿದ್ದಾರೆ. ನಮ್ಮ ಎಷ್ಟೋ ಸಂತೋಷದ ಬೆಲೆಯನ್ನು ಯಾರೋ ಕೊಟ್ಟಿರುತ್ತಾರೆ. ಏನು ಮಾಡಲಾಗಿದೆ ಅಂತ ಬಲ್ಲವನೇ ಕೃತಜ್ಞ ಅಂದೆನಲ್ಲ, ಅದರಲ್ಲಿ ಇದೂ ಸೇರುತ್ತದೆ.

ನಾವು ಕುಡಿಯೋ ಕಾಫಿಯೇ ನೋಡಿ. ಬಾಬಾಬುಡನ್ ಅನ್ನೋ ಸೂಫಿ ಸಂತರು ಅರಬ್ ನಾಡಿನಿಂದ ಏಳು ಬೀಜ ತಂದು ಈ ಗಿರಿಯಲ್ಲಿ ಹಾಕಿದರು ಅಂತ ಈ ಜಿಲ್ಲೆಯ ಮಕ್ಕಳೆಲ್ಲ ಕೇಳಿ ಬೆಳೆದಿದ್ದಾರೆ. ನಾಳೆ ಆ ಚೀಲದ ಕಾಫಿಯನ್ನು ಪೀಠದ ಮುಂದೆ ಇಡುವಾಗ ನನಗೆ ಅವರ ನೆನಪೂ ಬರುತ್ತದೆ. ನಮ್ಮ ಕೈಯಲ್ಲಿರುವ ಸತ್ಯವೇದವೂ ಹಾಗೇ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಅನ್ನೋ ಮಿಷನರಿ ಮತ್ತು ಜೊತೆಯವರು ವರ್ಷಗಟ್ಟಲೆ ದುಡಿದು ಕನ್ನಡಕ್ಕೆ ತಂದರು. ಅವರ ಪಕ್ಕ ಕೂತು ಈ ಪದ ಸರಿ, ಈ ಪದ ಬೇಡ ಅಂತ ಹೇಳಿಕೊಟ್ಟ ಕನ್ನಡದವರನ್ನು ನಾವು ಯಾವತ್ತಾದರೂ ನೆನೆದಿದ್ದೇವಾ?

ನಾಳೆಯ ಹಬ್ಬದ ಬಗ್ಗೆ ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿ ಒಂದು ಚೆಂದದ ಕ್ರಮ ಇದೆ. ಪ್ರಥಮಫಲದ ಬುಟ್ಟಿ ತಂದವನು ಬುಟ್ಟಿ ಇಟ್ಟು ಸುಮ್ಮನೆ ಹೋಗುವ ಹಾಗಿಲ್ಲ, ಬಾಯಿಬಿಟ್ಟು ಕಥೆ ಹೇಳಬೇಕು. ನನ್ನ ಮೂಲಪುರುಷ ಅಲೆಮಾರಿ, ಐಗುಪ್ತಕ್ಕೆ ಹೋದ, ಅಲ್ಲಿ ನಮ್ಮನ್ನು ಬಿಟ್ಟಿ ಕೆಲಸಕ್ಕೆ ಹಿಡಿದರು, ಕೂಗಿಕೊಂಡೆವು, ದೇವರು ಕೇಳಿದ, ಇಲ್ಲಿಗೆ ತಂದ ಅಂತ. ಬೆಳೆಯ ಹಬ್ಬದಲ್ಲಿ ಬಿಟ್ಟಿ ಕೆಲಸದ ನೆನಪು! ಸುಖದ ಬುಟ್ಟಿಯ ತಳದಲ್ಲಿ ಕಷ್ಟದ ಕಥೆಯೂ ಇರಬೇಕು. ನಮ್ಮ ತಾತಂದಿರು ಘಾಟಿ ಹತ್ತಿ ಬಂದು ಚಳಿಜ್ವರದಲ್ಲಿ ನಡುಗುತ್ತಾ ಈ ತೋಟಗಳನ್ನು ಮಾಡಿದರು ಅಂತ ನಮ್ಮ ಮಕ್ಕಳಿಗೆ ಯಾರು ಹೇಳುತ್ತಾರೆ? ಅದೇ ಅಧ್ಯಾಯದ 11ನೇ ವಚನದಲ್ಲಿ, ನಿನ್ನ ಮಧ್ಯದಲ್ಲಿರುವ ಪರದೇಶಿಯ ಜೊತೆ ಸೇರಿ ಸಂತೋಷಪಡು ಅಂತಲೂ ಇದೆ. ಈಗ ನಮ್ಮ ತೋಟಗಳಲ್ಲಿ ಹಣ್ಣು ಕೊಯ್ಯುವವರು ಅಸ್ಸಾಂ, ಜಾರ್ಖಂಡ್, ಬಂಗಾಳದಿಂದ ಬಂದವರು. ಅವರೂ ಲೈನ್ ಮನೆಯಲ್ಲಿದ್ದಾರೆ, ನಮ್ಮವ್ವ ಇದ್ದ ಹಾಗೆ. ನಾಳೆ ಕಾಣಿಕೆಗಳ ಹರಾಜಿನಲ್ಲಿ ಒಂದು ಕೋಳಿಮೊಟ್ಟೆಯನ್ನು ಖುಷಿಯಿಂದ ಐನೂರಕ್ಕೆ ಕೂಗುವ ನಾವು ಅವರನ್ನು ಊಟದ ಪಂಕ್ತಿಗೆ ಕರೆಯಬಾರದಾ? ಕಮಿಟಿಯವರು ಇಲ್ಲೇ ಇದ್ದಾರೆ, ಈ ರಾತ್ರಿಯೇ ಹೇಳಿ ಕಳಿಸಬಹುದು.

ಕೊನೆಗೆ ಹತ್ತು ಮಂದಿ ಕುಷ್ಠರೋಗಿಗಳ ಕಥೆ, ಲೂಕನ 17ನೇ ಅಧ್ಯಾಯ. ಎಲ್ಲರಿಗೂ ಗೊತ್ತು. ಹತ್ತು ಜನ ಗುಣವಾದರು, ಒಬ್ಬನೇ ತಿರುಗಿ ಬಂದ, ಅವನು ಸಮಾರ್ಯದವನು. ಆ ಒಂಬತ್ತು ಜನರನ್ನು ನಾವು ತುಂಬಾ ಬೈದಿದ್ದೇವೆ. ನನಗೆ ಈಗ ಅವರ ಮೇಲೆ ಅಷ್ಟು ಸಿಟ್ಟಿಲ್ಲ. ಯಾಜಕರಿಗೆ ಮೈ ತೋರಿಸಿ ಅಂತ ಯೇಸುವೇ ಹೇಳಿ ಕಳಿಸಿದ್ದು, ಅವರು ಹೇಳಿದ್ದನ್ನು ಮಾಡಿದರು. ಮನೆಗೆ ಓಡಿರಬೇಕು, ಎಷ್ಟೋ ವರ್ಷದಿಂದ ಮುಟ್ಟದ ಮಕ್ಕಳನ್ನು ತಬ್ಬಿಕೊಂಡಿರಬೇಕು. ಯೇಸು ಆ ಒಂಬತ್ತು ಜನ ಎಲ್ಲಿ ಅಂತ ಕೇಳಿದ, ನಿಜ. ಆದರೆ ಕೊಟ್ಟ ಆರೋಗ್ಯವನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಸ್ತೋತ್ರ ಹೇಳೋದು ಬಾಕಿ ತೀರಿಸೋದಲ್ಲ. ಅಂಥ ಬಾಕಿಯನ್ನು ದೇವರು ಪುಸ್ತಕದಲ್ಲಿ ಬರೆದೇ ಇಲ್ಲ.

ಹಾಗಾದರೆ ತಿರುಗಿ ಬಂದವನಿಗೆ ಏನು ಜಾಸ್ತಿ ಸಿಕ್ಕಿತು? ದೂರದಿಂದ ಕೂಗಿ ವಾಸಿಯಾದವನು ಈಗ ಹತ್ತಿರ ಬಂದ. ಪಾದ ಮುಟ್ಟಿದ. ಮುಖ ನೋಡಿದ. ಅವನ ಜೊತೆ ಯೇಸು ಮಾತಾಡಿದ. ಉಳಿದ ಒಂಬತ್ತು ಜನಕ್ಕೆ ಮೈ ವಾಸಿಯಾಯಿತು, ಇವನಿಗೆ ವಾಸಿ ಮಾಡಿದವನೇ ಸಿಕ್ಕಿದ. ನನ್ನ ಪುಸ್ತಕದಲ್ಲಿ ಬರೆದುಕೊಳ್ಳೋದು ಅರ್ಧ ಕೆಲಸ ಅಂತ ಈ ಕಥೆಯಿಂದ ಗೊತ್ತಾಯಿತು. ಕಾಲು ತಿರುಗಿಸಿಕೊಂಡು ಹೋಗಬೇಕು. ರೊಟ್ಟಿ ಇಡುತ್ತಿದ್ದ ಆ ಅಕ್ಕನ ಮನೆಗೆ ನಾನು ಹೋಗಿದ್ದು ಅವರು ಡಬ್ಬಿ ಇಡಲು ಶುರುಮಾಡಿ ಹದಿನಾಲ್ಕು ತಿಂಗಳಾದ ಮೇಲೆ. ಏನು ಹೇಳಬೇಕು ಅಂತ ಗೊತ್ತಾಗದೆ ಅವರ ಜಗಲಿಯಲ್ಲಿ ನಿಂತು, "ಅಕ್ಕ, ನಿಮ್ಮ ಹೊಟ್ಟೆ ತಣ್ಣಗಿರಲಿ" ಅಂದೆ. ಅವರು ಕಣ್ಣು ಒರೆಸಿಕೊಂಡು, "ಒಳಗೆ ಬನ್ನಿ ಅಣ್ಣ, ರೊಟ್ಟಿ ತಟ್ಟುತ್ತಾ ಇದ್ದೀನಿ" ಅಂದರು. ಅವತ್ತು ಮೊದಲ ಸಲ ಹೆಂಚಿನಿಂದ ನೇರ ತಟ್ಟೆಗೆ ಬಿದ್ದ ರೊಟ್ಟಿ ತಿಂದೆ.

ನನ್ನ ಸಮಯ ಆಯಿತು. ಅಯ್ಯನವರು ಪ್ರಾರ್ಥನೆ ಮಾಡುವ ಮುಂಚೆ ಒಂದು ಬೇಡಿಕೆ. ಹಿಂದಿನ ಅಡುಗೆಮನೆಯಲ್ಲಿ ಮಧ್ಯಾಹ್ನ ಎರಡು ಗಂಟೆಯಿಂದ ನಾಲ್ಕು ಜನ ಈರುಳ್ಳಿ ಹೆಚ್ಚುತ್ತಾ, ಅಕ್ಕಿ ಆರಿಸುತ್ತಾ ಇದ್ದಾರೆ. ನನ್ನ ಈ ಮಾತು ಒಂದೂ ಅವರ ಕಿವಿಗೆ ಬಿದ್ದಿಲ್ಲ, ಪಾತ್ರೆ ಸದ್ದು ನಿಮಗೂ ಕೇಳುತ್ತಿದೆಯಲ್ಲ. ಎಲ್ಲರೂ ಎದ್ದು ಅಲ್ಲಿಗೇ ಹೋಗೋಣ. ಪ್ರಾರ್ಥನೆ ಅಲ್ಲೇ ಆಗಲಿ. ಅವರ ಹೆಸರು ಗೊತ್ತಿಲ್ಲದವರು ದಾರಿಯಲ್ಲೇ ಪಕ್ಕದವರನ್ನು ಕೇಳಿಕೊಳ್ಳಿ.